ಅನುಮೋದಕರು ಯಾರು?

ಕಳೆದ ವಾರ ನಾರಾವಿಯ ಬಸ್ಸಿಗೆ ಕಾಯುತ್ತಾ ತಂಗುದಾಣದಲ್ಲಿ ನಿಂತಿದ್ದೆ. ಗೋಡೆಗೆ ಆಗಷ್ಟೇ ಗ್ರಾಮಸಭೆಯ ನೋಟೀಸು ಅಂಟಿಸಿದ್ದರು. ಮೈದಾ ಅಂಟಿನ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಅಂಗನವಾಡಿ ಟೀಚರ್ ನೆನಪಾದರು. ಅಂಟು ಕಾಸುವುದು, ನೋಟೀಸು ಹಚ್ಚುವುದು, ಮನೆಮನೆಗೆ ಹೋಗಿ "ಸಭೆಗೆ ಬನ್ನಿ, ಬರೀ ಸಹಿ ಹಾಕಿ ಓಡ್ಬೇಡಿ" ಎನ್ನುವುದು, ಎಲ್ಲ ಅವರೇ. ಅದು ಅವರ ಕೆಲಸವಲ್ಲ ಎಂದು ನಾವ್ಯಾರೂ ಹೇಳಲಿಲ್ಲ. ನಮಗೆ ಆರಾಮವಾಗಿತ್ತಲ್ಲ!

ಅಂಗನವಾಡಿಯ ದಾರಿಯ ಪಕ್ಕದಲ್ಲೇ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಯೊಂದಿತ್ತು. ಬೇಲಿ ಇರಲಿಲ್ಲ. ಮಳೆಗಾಲದಲ್ಲಿ ಅದರೊಳಗೆ ಎರಡಾಳು ನೀರು... ಒಂದು ವರ್ಷ ಗ್ರಾಮಸಭೆಯಲ್ಲಿ ಟೀಚರ್ ಎದ್ದು ನಿಂತು, ಕೋರೆಯ ಧಣಿಯಿಂದ ಬೇಲಿ ಹಾಕಿಸಬೇಕು ಎಂದು ನಿರ್ಣಯ ಸೂಚಿಸಿದರು.

"ಅನುಮೋದಕರು ಯಾರು?" ಎಂದರು ಕಾರ್ಯದರ್ಶಿ.

ಸೂಚಿಸಿದವರ ಜೊತೆ ಹೌದೆನ್ನುವ ಇನ್ನೊಂದು ಹೆಸರಿಲ್ಲದೆ ನಮ್ಮಲ್ಲಿ ನಿರ್ಣಯ ಆಗುವುದಿಲ್ಲ. ನನ್ನ ಮಗನೂ ಅದೇ ದಾರಿಯಲ್ಲಿ ಹೋಗುತ್ತಿದ್ದ. ಹಿಂದೆಮುಂದೆ ನೋಡದೆ ಕೈ ಎತ್ತಿಬಿಟ್ಟೆ.

ಮುಂದಿನ ಸಾಲಿನಲ್ಲಿದ್ದ ಧಣಿ ತಿರುಗಿ ನೋಡಿದರು. ಗದರಲಿಲ್ಲ, ನಕ್ಕರು. ನನ್ನ ಗಂಡ ಅವರ ಲಾರಿಯ ಡ್ರೈವರ್. ಅಂದು ಊಟ ಸೇರಲಿಲ್ಲ. ಅಂಗಳದಲ್ಲಿ ಬೈಕಿನ ಸದ್ದಾದರೂ ಎದ್ದು ಹೋಗಿ ಬಾಗಿಲ ಸಂದಿಯಿಂದ ಇಣುಕುತ್ತಿದ್ದೆ.

ಮರುದಿನ ಬೆಳಿಗ್ಗೆ ಅಂಗನವಾಡಿಗೆ ಓಡಿದೆ. "ನನ್ನ ಹೆಸರು ತೆಗೆಸಿ ಟೀಚರ್. ನನಗೆ ಹೆದರಿಕೆ ಆಗ್ತದೆ."

ಅವರು ಮಕ್ಕಳಿಗೆ ಹೆಸರುಕಾಳು ಬಡಿಸುತ್ತಿದ್ದರು. "ಹೆದರಿಕೆ ನನಗೂ ಉಂಟು ಮಾರಾಯ್ತಿ" ಎಂದರು. ಸೌಟು ಕೆಳಗಿಟ್ಟು, "ಆಯ್ತು, ಅಳ್ಬೇಡ. ನಾನು ಹೋಗಿ ಹೇಳ್ತೇನೆ."

ಅಂದೇ ಪಂಚಾಯತಿಗೆ ಹೋಗಿ ನನ್ನ ಹೆಸರು ಹೊಡೆದುಹಾಕಿಸಿದರು. ನಿರ್ಣಯ ಬಿದ್ದುಹೋಯಿತು.

ಆಮೇಲೆ ಟೀಚರ್ ಹಳೆ ಸೀರೆಗಳನ್ನು ಹೊಸೆದು ಉದ್ದದ ಹಗ್ಗ ಮಾಡಿದರು. ಮಕ್ಕಳೆಲ್ಲ ಅದನ್ನು ಹಿಡಿದು ಸಾಲಾಗಿ ನಡೆಯಬೇಕು, ಕೋರೆಯ ಬದಿಗೆ ಟೀಚರ್. ನನ್ನ ಮಗನನ್ನೂ ಹಾಗೇ ದಾಟಿಸಿದರು. ನನ್ನ ಮೇಲೆ ಒಂದು ದಿನವೂ ಮುನಿಸಿಕೊಳ್ಳಲಿಲ್ಲ. ಎರಡು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು... ಜ್ವರವೆಂದು ಮಲಗಿದವರು ಕಳೆದ ವರ್ಷ ಏಳಲೇ ಇಲ್ಲ. ತಪ್ಪಾಯಿತು ಎನ್ನಲು ಅಲ್ಲಿಯವರೆಗೂ ನನಗೆ ಧೈರ್ಯ ಬಂದಿರಲಿಲ್ಲ.

ಕೋರೆ ಹಾಗೇ ಇದೆ. ಮಕ್ಕಳು ಈಗ ತಾವಾಗಿಯೇ ಓಡಿಕೊಂಡು ಹೋಗುತ್ತಾರೆ. ಅದನ್ನು ನೋಡಲು ನನಗೆ ಭಯ.

ನಿನ್ನೆ ಗ್ರಾಮಸಭೆ ನಡೆಯಿತು. ಗಂಡ ಇವತ್ತಿಗೂ ಅದೇ ಲಾರಿ ಓಡಿಸುತ್ತಾರೆ. ಧಣಿಯೂ ಬಂದು ಕುಳಿತಿದ್ದರು. ನಾನು ಎದ್ದೆ. ಹೆದರಿಕೆ ಹಾಗೇ ಇತ್ತು. ಕೋರೆಗೆ ಬೇಲಿ ಆಗಬೇಕು ಎಂದೆ. ಕಾರ್ಯದರ್ಶಿ ಪೆನ್ನು ಹಿಡಿದು, "ಅನುಮೋದಕರು ಯಾರು?" ಎಂದು ಸಭೆಯತ್ತ ನೋಡಿದರು. ಸಭೆಗೆ ಸಭೆಯೇ ತಲೆ ತಗ್ಗಿಸಿತು. ಹೆದರಿಕೆ ಇಟ್ಟುಕೊಂಡೂ ಕೈ ಎತ್ತುವವರು ನಮ್ಮ ಗ್ರಾಮದಲ್ಲಿ ಒಬ್ಬರೇ ಇದ್ದರು, ಟೀಚರ್.