ಹೂವಿನ ಗಾಡಿ ಮುಂದೆ ನನ್ನ ಪರಿಸರ ಪ್ರೇಮ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಬ್ಯಾಟರಾಯನಪುರದಲ್ಲಿ ಒಂದು ಹೂವಿನ ಗಾಡಿ ಪಕ್ಕ ಕಾರು ನಿಲ್ಲಿಸಿದೆ. ಎಸಿ ಆರಿಸದೆ, ಕಿಟಕಿ ಮಾತ್ರ ಇಳಿಸಿ ಮಲ್ಲಿಗೆ ಕೇಳಿದೆ. ಹೂವಿನಮ್ಮ ಪ್ಲಾಸ್ಟಿಕ್ ಕವರಿಗೆ ಕೈಹಾಕಿದರು.

“ಏನಮ್ಮಾ, ಪರಿಸರ ಹಾಳಾಗಲ್ವಾ?” ಎಂದೆ.

“ಬಾಳೆಲೆ ಐತೆ ಸಾರ್. ಸೀಟು ಒದ್ದೆ ಆಗುತ್ತೆ ಅಂತ ಕಾರಿನೋರೇ ಕವರ್ ಕೇಳ್ತಾರೆ,” ಎನ್ನುತ್ತ ಹೂವನ್ನು ಎಲೆಯಲ್ಲಿ ಕಟ್ಟಿದರು. “ಒಸಿ ಇಂಜಿನ್ ಆಫ್ ಮಾಡಿ. ಸಾಯಂಕಾಲದವರೆಗೂ ನಿಮ್ಮೆಲ್ಲರ ಹೊಗೆ ಕುಡಿಯೋಳು ನಾನು.”

ನಾಚಿಕೆಯಾಗಿ ಆಫ್ ಮಾಡಿದೆ.

ಆಕೆಗೇ ಕನಿಕರ ಬಂತು. “ದೂರದಿಂದ ಬಂದಿದ್ದೀರೇನೋ. ಮನೆ ಎಲ್ಲಿ ಸಾರ್?”

“ಯಲಹಂಕ,” ಎಂದುಬಿಟ್ಟೆ.

ನಿಜಕ್ಕೂ ನಮ್ಮ ಮನೆ ಇರುವುದು ಆ ಗಾಡಿಯ ಹಿಂದಿನ ಬೀದಿಯಲ್ಲೇ. ನಾಳೆಯಿಂದ ನಡೆದೇ ಹೋಗಬೇಕೆಂದಿದ್ದೇನೆ. ಆದರೆ ಅಷ್ಟು ದೂರದ ಯಲಹಂಕದಿಂದ ನಡೆದು ಬಂದೆ ಎಂದರೆ ಆಕೆ ನಂಬುತ್ತಾರೆಯೇ?