ಜುಲ್ಹುಮೋರ್ ಚಿಕ್ಕಮ್ಮನ ಹೊಗೆ

ಮರ್ಗಿಲಾನ್ ಊರಿನ ನಮ್ಮ ಬೀದಿಯ ಜುಲ್ಹುಮೋರ್ ಚಿಕ್ಕಮ್ಮನ ಮದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಅಂಗಳದ ತುಂಬ ಪುದೀನ, ಕಾಮಕಸ್ತೂರಿ, ದೃಷ್ಟಿ ತೆಗೆಯುವ ಇಸಿರಿಕ್ ಗಿಡ ಬೆಳೆಸಿದ್ದಾಳೆ. ಕೆಮ್ಮೆಂದು ಹೋದವರಿಗೆ ಇಸಿರಿಕ್ ಹೊಗೆ ನಿವಾಳಿಸುತ್ತಾಳೆ, ದೃಷ್ಟಿಯಾಗಿದೆ ಎಂದವರಿಗೆ ಪುದೀನ ಚಹಾ ಕುಡಿಸುತ್ತಾಳೆ. "ಉಲ್ಟಾ ಆಯ್ತಲ್ಲ ಚಿಕ್ಕಮ್ಮ?" ಎಂದರೆ, "ಗಿಡಕ್ಕೆ ಗೊತ್ತು, ನೀನು ಸುಮ್ನೆ ಕೂತ್ಕೋ" ಎನ್ನುತ್ತಾಳೆ. ವಿಚಿತ್ರವೆಂದರೆ ಎರಡೂ ವಾಸಿಯಾಗುತ್ತವೆ. ಬೀದಿಯ ಕೋಳಿಗೂಡನ್ನೂ, ಹೊಸ ಮೋಟಾರ್ ಸೈಕಲ್ಲನ್ನೂ ಬಿಡದೆ ಹೊಗೆ ಹಾಕುವವಳು ತನ್ನ ಮನೆಗೆ ಮಾತ್ರ ಹಾಕುವುದಿಲ್ಲ. ಅಲ್ಲಿ ಗುರುವಾರ ಸಂಜೆ, ತೀರಿಹೋದವರು ಮನೆಗೆ ಬರುತ್ತಾರೆಂದು ನಮ್ಮಲ್ಲಿ ನಂಬುವ ಹೊತ್ತಿಗೆ, ಅವರಿಗಾಗಿ ಬಾಣಲೆಯಲ್ಲಿ ಎಣ್ಣೆ ಕಾಯಿಸಿದ ವಾಸನೆಯಷ್ಟೇ. ಯಾಕೆಂದು ಕೇಳಿದೆ. "ಈ ಹೊಗೆಗೆ ಎಲ್ಲಾ ಓಡಿಹೋಗ್ತವೆ ಕಣೋ. ನಿಮ್ ಚಿಕ್ಕಪ್ಪ ಎಣ್ಣೆ ವಾಸನೆ ಹಿಡ್ಕೊಂಡು ಬರ್ತಾರೆ. ಬಾಗಿಲಿಂದ್ಲೇ ವಾಪಸ್ ಹೋಗ್ಬಿಟ್ರೆ?"