ನೀರೊಳಗೆ ನಿಂತ ಚುಕ್ಕಿ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬಂದದ್ದು ಹೇಗೆಂದರೆ, ಮದುವೆಯಾದಾಗಿನಿಂದ ನನ್ನನ್ನು ಬೈದು ಆಳಿದ ಅತ್ತೆಗೆ ನಾನು ಯಾರೆಂಬುದೇ ಮರೆತುಹೋಯಿತು. ಬೆಳಿಗ್ಗೆ ಚಹಾ ಕೊಟ್ಟರೆ ಕಪ್ಪು ಹಿಡಿದು ನನ್ನ ಮುಖ ನೋಡಿ, "ನೀ ಯಾರ ಪೈಕಿ, ಯವ್ವಾ? ಭಾಳ ತ್ರಾಸ ಕೊಟ್ಟೆ ನಿನಗ. ನಾ ಇನ್ನ ನಮ್ಮೂರಿಗಿ ಹೋಗತೇನಿ" ಎನ್ನುತ್ತಿದ್ದರು. ಬೈದರೆ ತಡೆದುಕೊಂಡೇನು, ಈ ಮರ್ಯಾದೆಯನ್ನು ತಡೆದುಕೊಳ್ಳಲಾಗುತ್ತಿರಲಿಲ್ಲ.

ನಮ್ಮೂರು ಅಂದರೆ ಕೃಷ್ಣೆಯ ದಂಡೆಯ ಹಳೆಯ ಊರು. ಅದು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಯಿತು. ಬಸವನ ಬಾಗೇವಾಡಿ ಕಡೆ ಎತ್ತರದ ಜಾಗದಲ್ಲಿ ಸರ್ಕಾರ ಪ್ಲಾಟು ಕೊಟ್ಟಿತು. ಹಳೆಯ ಮನೆಯ ತೊಲೆ, ಬಾಗಿಲು ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಬಂದೆವು. ಅತ್ತೆ ಅದನ್ನೆಲ್ಲ ಮರೆತು, ನಮ್ಮ ಕಣ್ಣು ತಪ್ಪಿಸಿ ನದಿಯ ಕಡೆ ಇಳಿಯತೊಡಗಿದರು.

ಯಜಮಾನರು ಕೋಣೆಗೆ ಹೊರಗಿನಿಂದ ಕೀಲಿ ಹಾಕೋಣವೆಂದರು. ನನಗೆ ತಲೆ ಕೆಟ್ಟಿತು.

"ಅವ್ರೇನ ಎಮ್ಮಿ ಏನ್ರಿ, ಕಟ್ಟಿ ಹಾಕಾಕ? ನಾ ಇರೂತನಕಾ ಈ ಮನ್ಯಾಗ ಅದು ಆಗೂದಿಲ್ಲ!"

ಮುದ್ದೇಬಿಹಾಳದಲ್ಲಿ ನರ್ಸ್ ಆಗಿರುವ ನಾದಿನಿ ನಮ್ಮ ಜಗಳ ಬಿಡಿಸಲೆಂದು ಬೆರಳುದ್ದದ ಒಂದು ಯಂತ್ರ ತಂದಳು. ಅದು ಮೈಮೇಲಿದ್ದರೆ ಅತ್ತೆ ಎಲ್ಲಿದ್ದಾರೆಂಬುದು ಫೋನಿನ ನಕ್ಷೆಯಲ್ಲಿ ಕೆಂಪು ಚುಕ್ಕಿಯಾಗಿ ಕಾಣುತ್ತದೆ. ಅದೂ ಕೆಲಸಕ್ಕೆ ಬಾರದಿದ್ದರೆ ಕೀಲಿಯೇ ಸೈ ಎಂದರು ಯಜಮಾನರು.

ಮಣಿಕಟ್ಟಿಗೆ ಕಟ್ಟಿದರೆ ಅತ್ತೆ ಕಿತ್ತೆಸೆದರು. ಸೀರೆಗೆ ಪಿನ್ನು ಹಾಕಿದರೆ ಎಮ್ಮೆಯ ಮೇವಿನಲ್ಲಿ ಸಿಕ್ಕಿತು. ಎಲ್ಲ ಮರೆತ ಆ ಜೀವ ಕೊರಳ ಲಿಂಗವೊಂದನ್ನು ಮಾತ್ರ ಮರೆತಿರಲಿಲ್ಲ, ಮೈಯಿಂದ ಅಗಲಿಸುತ್ತಲೂ ಇರಲಿಲ್ಲ. ಕೊನೆಗೆ ನಾನೇ ಲಿಂಗದ ಕರಡಿಗೆಯ ಪಕ್ಕ, ಅದೇ ದಾರಕ್ಕೆ, ಬಿಳಿ ಬಟ್ಟೆಯ ಚೀಲ ಹೊಲಿದು ಯಂತ್ರವನ್ನು ಇಟ್ಟೆ. ಶಿವನೇ ಕ್ಷಮಿಸಬೇಕು.

ಮರುದಿನ ಪೂಜೆಗೆ ಕೂತ ಅತ್ತೆ ಎಡ ಅಂಗೈಯಲ್ಲಿ ಲಿಂಗದ ಜೊತೆ ಅದನ್ನೂ ಇಟ್ಟುಕೊಂಡು ವಿಭೂತಿ ಹಚ್ಚಿದರು. ಬಟ್ಟೆಯೊಳಗಿಂದ ಮಿಣುಕುವ ಯಂತ್ರದ ಹಸಿರು ದೀಪವನ್ನೇ ನೋಡುತ್ತ, "ಇದು ಕಣ್ಣ ತಗದೈತಿ. ಇದಕ್ಕ ನಮ್ಮ ಮನಿ ಗೊತ್ತೈತಿ" ಎಂದರು.

ಬೇಸಿಗೆಯ ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿದು ಏಳುವಷ್ಟರಲ್ಲಿ ಅತ್ತೆ ಇಲ್ಲ. ಫೋನು ತೆಗೆದರೆ ಚುಕ್ಕಿ ಹಿನ್ನೀರಿನ ನೀಲಿಯ ನಟ್ಟನಡುವೆ ಇತ್ತು. ಯಜಮಾನರು ಬೈಕು ಓಡಿಸುತ್ತಲೇ "ಯವ್ವಾ, ಯವ್ವಾ" ಎಂದು ಅಳುತ್ತಿದ್ದರು. ನಾನು ಹಿಂದೆ ಕೂತು ಫೋನು ನೋಡುತ್ತಿದ್ದೆ. ಚುಕ್ಕಿ ನೀರೊಳಗೆ ನಿಧಾನಕ್ಕೆ ಸರಿಯಿತು, ಎಡಕ್ಕೆ ತಿರುಗಿತು, ಮತ್ತೆ ನಿಂತಿತು. ಮುಳುಗಿದವರು ಓಣಿ ನೋಡಿ ತಿರುಗುತ್ತಾರೆಯೇ?

ದಂಡೆಗೆ ಹೋದರೆ ಅಲ್ಲಿ ನೀರೇ ಇರಲಿಲ್ಲ. ಆ ವರ್ಷದ ಬಿಸಿಲಿಗೆ ಹಿನ್ನೀರು ದೂರ ಸರಿದು ಹಳೆಯ ಊರು ಮೇಲೆದ್ದಿತ್ತು. ಗೋಡೆಗಳ ಬುಡ, ಓಣಿಯ ಕಲ್ಲು, ಬಿರುಕು ಬಿಟ್ಟ ರಾಡಿ. ಫೋನಿನ ನಕ್ಷೆಗೆ ಅದು ತಿಳಿದಿರಲಿಲ್ಲ, ಅಷ್ಟೇ. ಒಂದು ಹಕ್ಕಿಯ ದನಿಯೂ ಇಲ್ಲ. ಅತ್ತೆಯ ಬರಿಗಾಲಿನ ಹೆಜ್ಜೆಗಳು ಇಲ್ಲದ ಮನೆಗಳನ್ನೆಲ್ಲ ಬಳಸಿಕೊಂಡು ಹೋಗಿದ್ದವು.

ನಮ್ಮ ಮನೆಯ ಹೊಸ್ತಿಲಿದ್ದ ಕಡೆ ಕೂತಿದ್ದರು. ನನ್ನನ್ನು ಕಂಡದ್ದೇ ತಡ, ಶುರುವಾಯಿತು.

"ನೀರಿಗಿ ಹೋದಾಕಿ ಈಗ ಬಂದೇನ? ಕೊಡಾ ಎಲ್ಲಿ? ತಲಿ ಮ್ಯಾಲ ಸೆರಗ ಹೊತ್ಕೊ, ನಿಮ್ಮ ಮಾವ ಪಡಸಾಲ್ಯಾಗ ಕುಂತಾರ."

ಗುರುತು ಹಿಡಿದು ಬೈದರಲ್ಲ! ಖುಷಿಗೆ ನನಗೆ ಅಳುವೇ ಬಂತು. ಆದರೆ ಮಾವ ತೀರಿಕೊಂಡದ್ದು ಊರು ಮುಳುಗುವ ಮೊದಲೇ, ಅದೇ ಪಡಸಾಲೆಯಲ್ಲಿ. ಅತ್ತೆ ಬೆರಳು ತೋರಿದ ಕಡೆ ಯಜಮಾನರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಸೆರಗು ಹೊತ್ತುಕೊಂಡೆ.

ಆಮೇಲೆ ಬೇಸಿಗೆಯುದ್ದಕ್ಕೂ ನಾನೇ ಅವರನ್ನು ಅಲ್ಲಿಗೆ ಕರೆದೊಯ್ದು, ಹೊಟ್ಟೆ ತುಂಬ ಬೈಸಿಕೊಂಡು ಬರುತ್ತಿದ್ದೆ. ಹೊಸ ಮನೆಗೆ ಕಾಲಿಟ್ಟೊಡನೆ ಮತ್ತೆ ನಾನು ಯಾರ ಪೈಕಿಯೋ.

ಮಳೆಗಾಲ ಬಂತು. ಮೇಲೆ ಮಹಾರಾಷ್ಟ್ರದಲ್ಲಿ ಸುರಿದದ್ದೆಲ್ಲ ಹರಿದು ಬಂದು ಹಿನ್ನೀರು ಏರಿತು. ಒಂದು ಸಂಜೆ ಚುಕ್ಕಿ ಇಳಿಜಾರಿನಲ್ಲಿ ಓಡುತ್ತಿತ್ತು. ಸೊಂಟದ ಮಟ್ಟದ ನೀರಿನಲ್ಲಿ ಅತ್ತೆಯನ್ನು ಹಿಡಿದೆವು. ಮುದುಕಿಗೆ ಎಲ್ಲಿಯ ಬಲವೋ ಏನೋ, ನಮ್ಮಿಬ್ಬರನ್ನೂ ಒಳಕ್ಕೆ ಎಳೆಯುತ್ತಿದ್ದರು. ಯಂತ್ರ ಅವರು ಎಲ್ಲಿದ್ದಾರೆಂದು ಹೇಳೀತು, ಅವರ ಕೈ ಹಿಡಿದು ನಿಲ್ಲಿಸೀತೇ?

ಮನೆಗೆ ತಂದು, ಒದ್ದೆ ಸೀರೆ ಬದಲಿಸಿ, ಕೋಣೆಯಲ್ಲಿ ಕೂರಿಸಿದೆವು. ಯಜಮಾನರಿಗೆ ಕೈ ಬರಲಿಲ್ಲ. ಹೊರಗಿನಿಂದ ಕೀಲಿ ಹಾಕಿದವಳು ನಾನೇ. ಅತ್ತೆ ಒಳಗಿನಿಂದ ಬಾಗಿಲು ಬಡಿಯತೊಡಗಿದರು.

"ಯವ್ವಾ, ನಿನ್ನ ಕಾಲ ಬೀಳ್ತೇನಿ, ಬಾಗಲಾ ತಗಿ. ಪಡಸಾಲಿಗಿ ನೀರ ಬಂದೈತಿ. ಒಳಗ ನನ್ನ ಸೊಸಿ ಒಬ್ಬಾಕೀನ ಅದಾಳ!"

"ನಾ ಇಲ್ಲೇ ಅದೀನ್ರಿ, ಅತ್ತಿ" ಎಂದೆ.

ಬಡಿತ ನಿಂತಿತು. ಬಾಗಿಲ ಸಂದಿಗೆ ಬಾಯಿ ಹಚ್ಚಿ, ಗುಟ್ಟು ಹೇಳುವವರಂತೆ ಅಂದರು: "ನೀ ಅಲ್ಲ, ಯವ್ವಾ. ಆಕಿ. ಆಕಿಗಿ ಈಸಾಕ ಬರೂದಿಲ್ಲ."

ನನಗೆ ಇವತ್ತಿಗೂ ಈಜು ಬರುವುದಿಲ್ಲ.